ಆಸ್ಪತ್ರೆಯಲ್ಲಿ ಚಿತ್ರ ಬರೆದವಳು

ಆಸ್ಪತ್ರೆಯಲ್ಲಿ ಚಿತ್ರ ಬರೆಯುವುದಕ್ಕೆ ಅಂತಲೇ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರು ಎಂದರೆ ಈಗಿನವರು ನಗುತ್ತಾರೆ. ಆಗಿನವರೂ ನಗುತ್ತಿದ್ದರು. ದಾವಣಗೆರೆಯಲ್ಲಿ ಚಿತ್ರಕಲೆ ಓದಿ ಮುಗಿಸಿ ನಾನು ಬೆಂಗಳೂರಿನ ಕಂಟೋನ್ಮೆಂಟ್ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಆರ್ಟಿಸ್ಟ್ ಆಗಿ ಸೇರಿದಾಗ ನಮ್ಮಪ್ಪ ಊರಲ್ಲೆಲ್ಲ "ಮಗಳು ಆಸ್ಪತ್ರೇಲಿ ಇದಾಳೆ" ಅಂತಷ್ಟೇ ಹೇಳುತ್ತಿದ್ದರು. ಕೇಳಿದವರು ನರ್ಸು ಅಂದುಕೊಳ್ಳುತ್ತಿದ್ದರು. ಅಪ್ಪ ತಿದ್ದುತ್ತಿರಲಿಲ್ಲ.

ನಾನು ನಿವೃತ್ತಳಾದ ಮೇಲೆ ಆ ಹುದ್ದೆಗೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಹಾಗಾಗಿ ನನ್ನ ಅನುಭವ ಯಾರಿಗೂ ಬೇಕಾಗಿಲ್ಲ ಎಂದೇ ತಿಳಿದಿದ್ದೆ. ಈಚೆಗೆ ನಿಖಿತಾ ಎಂಬ ಹುಡುಗಿ ಯಾರಿಂದಲೋ ನನ್ನ ವಿಳಾಸ ತಿಳಿದು ಹಲಸೂರಿನ ಮನೆಗೆ ಬಂದಳು. ಬೈಯಪ್ಪನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದಾಳೆ. ಆಫೀಸಿನಲ್ಲಿ ಕೂತು ಕಂಪ್ಯೂಟರಿನ ಮೇಲೆ ಗುಂಡಿಗೆ, ಮೂಳೆ, ನರ ಬರೆಯುವ ಕೆಲಸವಂತೆ. "ನಾವು ಒಂದ್ ಸಲಾನೂ ನಿಜವಾದ ಗುಂಡಿಗೆ ನೋಡಿಲ್ಲ ಆಂಟಿ. ನಿಮ್ ಕಾಲ್ದಲ್ಲಿ ಹೆಂಗಿತ್ತು ಅಂತ ಬರೀರಿ. ನಮ್ಗೆ ಹೇಳೋರು ಯಾರೂ ಇಲ್ಲ" ಅಂದಳು. ಆಗಲಿ ಅಂದೆ. ಆದರೆ ಕಾಗದ ಮುಂದಿಟ್ಟುಕೊಂಡು ಕೂತರೆ ಒಂದೂ ನೆನಪಾಗಲಿಲ್ಲ. ಬಡ್ತಿ ಸಿಕ್ಕಿದ್ದು, ಸಿಗದೇ ಹೋದದ್ದು, ರಜೆಗಾಗಿ ಜಗಳವಾಡಿದ್ದು, ಇಂಥವೇ ಬಂದವು. ಅದನ್ನೆಲ್ಲ ಓದಿ ಆ ಮಗುವಿಗೆ ಏನಾಗಬೇಕು?

ಆಮೇಲೆ ಒಂದು ದಿನ ಆಸ್ಪತ್ರೆಯ ಸ್ಟೋರಿನಿಂದ ಫೋನ್ ಬಂತು. "ಮೇಡಂ, ಮೆಟ್ಟಿಲ ಕೆಳಗಿನ ರೂಮ್ ಖಾಲಿ ಮಾಡ್ಸ್ತಿದೀವಿ. ನಿಮ್ ಕಾಲದ ಬೀರು ಸ್ಕ್ರಾಪಿಗೆ ಹೋಗುತ್ತೆ. ಒಳಗೆ ಏನೋ ಡ್ರಾಯಿಂಗ್ ಬುಕ್ಕುಗಳಿವೆ. ಬೇಕಿದ್ರೆ ಇವತ್ತೇ ಬನ್ನಿ." ಆಟೋ ಮಾಡಿಕೊಂಡು ಹೋದೆ. ನಾನು ಕೂತು ಕೆಲಸ ಮಾಡುತ್ತಿದ್ದ ಕೋಣೆಯ ಕಿಟಕಿಯನ್ನು ಆಗಲೇ ಕಿತ್ತಿದ್ದರು. ಸ್ಟೋರಿನ ಹುಡುಗ ಪುಸ್ತಕಗಳನ್ನು ಸಿಮೆಂಟ್ ಚೀಲದೊಳಗೆ ತುಂಬಿಸಿ ಕೊಟ್ಟ. ಯಾರೂ ಪರಿಚಯದವರು ಸಿಗಲಿಲ್ಲ. ಗೇಟಿನ ಹತ್ತಿರ ಸೆಕ್ಯೂರಿಟಿಯವನು ಚೀಲದಲ್ಲೇನಿದೆ ಎಂದು ತೆಗೆಸಿ ನೋಡಿದ. ಕೈಗೆ ಸಿಕ್ಕ ಪುಸ್ತಕ ತೆರೆದಾಗ ಒಂದು ಮೂತ್ರಪಿಂಡ ಕಂಡಿತು. "ಮಾವಿನಕಾಯಾ?" ಅಂದ. ಹೌದಪ್ಪ ಅಂದೆ.

ಮನೆಗೆ ತಂದು, ಧೂಳು ಒರೆಸಿ, ಹಾಲ್‌ನಲ್ಲಿ ಚಾಪೆಯ ಮೇಲೆ ಹರಡಿಕೊಂಡು ಕೂತೆ. ಅಷ್ಟು ವರ್ಷ ನಾನು ಏನೇನು ಬರೆದಿದ್ದೆ ಎನ್ನುವುದು ನನಗೇ ಮರೆತುಹೋಗಿತ್ತು. ಗುಲ್ಮ, ಪಿತ್ತಕೋಶದ ಕಲ್ಲುಗಳು, ಹುಟ್ಟಿದ ಮಗುವಿನ ಅಂಗಾಲು, ಬೆಂದ ಬೆನ್ನು, ನಡು ಮುರಿದ ಕತ್ತರಿ, ಆಪರೇಷನ್ ಮಧ್ಯೆ ನಿಂತಲ್ಲೇ ತೂಕಡಿಸುವ ಅರಿವಳಿಕೆ ಡಾಕ್ಟರು, ಒಪಿಡಿ ಸಾಲಿನಲ್ಲಿ ಕೂತ ಬುರ್ಖಾದ ಅಜ್ಜಿಯ ಚಪ್ಪಲಿ, ಮಾರ್ಕೆಟ್ಟಿನ ಮೀನುಗಳು, ಕುರಿಯ ತಲೆಗಳು, ರಾಶಿ ಹಾಕಿದ ಸೀತಾಫಲ, ಕಾಗೆ. ಒಂದು ಪುಟದಲ್ಲಿ ಶ್ವಾಸಕೋಶವಿದ್ದರೆ ಅದರ ಹಿಂಬದಿಯಲ್ಲಿ ಹೂಕೋಸು. ಎರಡನ್ನೂ ಒಂದೇ ಪೆನ್ಸಿಲಿನಲ್ಲಿ, ಒಂದೇ ಶ್ರದ್ಧೆಯಿಂದ ಬರೆದಿದ್ದೆ. ಒಂದು ಚಿತ್ರ ನೋಡಿ ನಗು ಬಂದು "ಏ, ಇಲ್ಲಿ ನೋಡು" ಅಂತ ಜೋರಾಗಿ ಅಂದುಬಿಟ್ಟೆ. ಮನೆಯಲ್ಲಿ ಯಾರಿದ್ದರು ನೋಡುವುದಕ್ಕೆ? ಪಕ್ಕದ ಮನೆಯ ಕುಕ್ಕರ್ ಕೂಗಿತು, ಅಷ್ಟೆ.

ನಿಖಿತಾ, ನೀನು ಕೇಳಿದ್ದಕ್ಕೆ ಈ ಪುಟಗಳನ್ನೇ ಒಂದೊಂದಾಗಿ ತಿರುಗಿಸುತ್ತ ಹೇಳುತ್ತೇನೆ.

ಮೊದಲನೇ ಪುಸ್ತಕದ ಮೊದಲ ಪುಟದಲ್ಲಿ ಬರೀ ಒಂದು ಗೀಟು ಇದೆ. ಅದು ನಾನು ಆಪರೇಷನ್ ಥಿಯೇಟರಿಗೆ ಹೋದ ಮೊದಲ ದಿನ. ನಮ್ಮ ಮೇಲಿನವರು ಸರ್ಜರಿಯ ಡಾಕ್ಟರ್ ವಿಶ್ವನಾಥಯ್ಯ. ಕುಳ್ಳಗಿನ, ಸಿಡುಕಿನ ಮನುಷ್ಯ. ಅವರ ಭುಜದ ಹಿಂದೆ ಒಂದು ಸ್ಟೂಲಿನ ಮೇಲೆ ನನ್ನನ್ನು ನಿಲ್ಲಿಸಿ, ಕೈಗೆ ಪ್ಯಾಡು ಕೊಟ್ಟು, ತಿರುಗಿ ನೋಡದೆ ಹೇಳಿದರು: "ತಲೆ ಸುತ್ತುತ್ತೆ. ಎಲ್ಲರಿಗೂ ಸುತ್ತುತ್ತೆ. ಬೀಳೋದಾದ್ರೆ ಗೋಡೆ ಕಡೆ ಬೀಳಮ್ಮ, ನನ್ನ ಪೇಶೆಂಟ್ ಮೇಲೆ ಬೀಳ್ಬೇಡ." ಅವರು ಮಾಡಿದ ಮೊದಲ ಕೊಯ್ತಕ್ಕೆ ನಾನು ಒಂದು ಗೀಟು ಎಳೆದೆ. ಆಮೇಲೆ ಗೋಡೆ ಕಡೆಗೇ ಬಿದ್ದೆ. ಎಚ್ಚರವಾದಾಗ ಸಿಸ್ಟರ್ ಸಕ್ಕರೆ ನೀರು ಕುಡಿಸುತ್ತಿದ್ದರು. ಮರುದಿನ ಹೋಗಲಾರೆ ಅಂದುಕೊಂಡಿದ್ದೆ. ಡಾಕ್ಟರು ಕರೆಸಿ, "ಹೇಳಿದ ಕಡೆಗೇ ಬಿದ್ದೆಯಲ್ಲ, ಮಾತು ಕೇಳ್ತೀಯ. ಕೆಲಸ ಕಲೀತೀಯ" ಅಂದರು. ಹೋದೆ.

ಮುಂದೆ ಕಲಿತ ಪಾಠ ಒಂದೇ. ಹೊಟ್ಟೆ ತೆರೆದಾಗ ಕಾಣುವುದು ಕೆಂಪು, ಅದರೊಳಗೆ ಮತ್ತೂ ಕೆಂಪು. ಪುಸ್ತಕದಲ್ಲಿರುವ ಹಾಗೆ ಅಲ್ಲಿ ಯಾವುದೂ ಬೇರೆಬೇರೆಯಾಗಿ ಕಾಣುವುದಿಲ್ಲ. ಆ ಗಲಾಟೆಯೊಳಗೆ ಡಾಕ್ಟರ ಬೆರಳು ಯಾವುದನ್ನು ಹುಡುಕುತ್ತಿದೆಯೋ ಅದನ್ನಷ್ಟೇ ನಾವು ಹಿಡಿಯಬೇಕು, ಮಿಕ್ಕಿದ್ದನ್ನು ಬಿಡಬೇಕು. ಕ್ಯಾಮೆರಾಕ್ಕೆ ಬಿಡುವುದು ಗೊತ್ತಿಲ್ಲ. ಎಂಬಿಬಿಎಸ್ ಹುಡುಗರು ಫೋಟೋ ನೋಡಿ ಕಣ್ಣು ಕಣ್ಣು ಬಿಟ್ಟವರು ನನ್ನ ಚಾರ್ಟ್ ನೋಡಿ "ಓ, ಇದಾ!" ಅನ್ನುತ್ತಿದ್ದರು. ಆ ಒಂದು "ಓ" ಕೇಳುವುದಕ್ಕೆ ನಾನು ಪಾಠ ನಡೆಯುವಾಗ ಕ್ಲಾಸಿನ ಹೊರಗೆ ಏನೋ ಕೆಲಸವಿರುವವಳ ಹಾಗೆ ಓಡಾಡಿದ್ದುಂಟು.

ತಪ್ಪುಗಳೂ ಆದವು. ಅಂಗೈಯ ಸ್ನಾಯುಗಳ ಒಂದು ದೊಡ್ಡ ಚಾರ್ಟ್ ಬರೆಯಲು ಹೇಳಿದ್ದರು. ಬಲಗೈಯದು. ಎಷ್ಟು ಚೆನ್ನಾಗಿ ಬಂತೆಂದರೆ ವಿಶ್ವನಾಥಯ್ಯನವರು ಅಪರೂಪಕ್ಕೆ "ಹ್ಞಾಂ" ಅಂದರು. ಗೋಡೆಗೆ ಹಾಕಿ ತಿಂಗಳುಗಟ್ಟಲೆ ಪಾಠ ಮಾಡಿದರು. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ಕೈಯನ್ನು ಚಾರ್ಟಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು, "ಸರ್, ಹೆಬ್ಬೆರಳು ಆ ಕಡೆ ಇದೆ" ಅಂದಳಂತೆ. ಆಗಿದ್ದಿಷ್ಟೆ: ಪೆನ್ಸಿಲ್ ಹಿಡಿದದ್ದು ನನ್ನ ಬಲಗೈ, ಮುಂದಿಟ್ಟು ನೋಡಿಕೊಂಡು ಬರೆದದ್ದು ಎಡಗೈ. ಡಾಕ್ಟರು ನನ್ನನ್ನು ಕ್ಲಾಸಿಗೇ ಕರೆಸಿದರು. ಬೈಗುಳಕ್ಕೆ ಸಿದ್ಧಳಾಗಿ ಹೋದೆ. ಅವರು ಮಸಿ ಪೆನ್ನು ತೆಗೆದು 'ಬಲ' ಎಂಬುದನ್ನು ಹೊಡೆದು 'ಎಡ' ಎಂದು ಬರೆದರು. "ಇಷ್ಟು ತಿಂಗಳು ನಾನು ಇದರ ಮುಂದೆ ನಿಂತು ಪಾಠ ಮಾಡಿದೀನಿ. ನನಗೂ ಕಾಣ್ಲಿಲ್ಲ. ಕೈ ಸರಿಯಾಗಿದೆ ಬಿಡಿ, ಹೆಸರು ತಪ್ಪಿತ್ತು" ಎಂದು ಹುಡುಗರಿಗೆ ಹೇಳಿ ನನ್ನನ್ನು ಕಳುಹಿಸಿದರು. ಅಂಥ ಮೇಲಧಿಕಾರಿ ಮತ್ತೆ ಸಿಗಲಿಲ್ಲ.

ಇನ್ನೊಂದು ಪುಸ್ತಕ ತುಂಬ ರಸೆಲ್ ಮಾರ್ಕೆಟ್ಟು. ಅಲ್ಲಿಗೆ ನಾನು ಹೋಗುತ್ತಿದ್ದದ್ದು ತರಕಾರಿಗಲ್ಲ. ನಮ್ಮ ಮ್ಯೂಸಿಯಮ್ಮಿನಲ್ಲಿ ಅಂಗಗಳನ್ನು ಫಾರ್ಮಲಿನ್ ತುಂಬಿದ ಗಾಜಿನ ಜಾಡಿಯಲ್ಲಿ ಇಡುತ್ತಿದ್ದರು. ಅದರಲ್ಲಿ ಬಿದ್ದದ್ದೆಲ್ಲ ಬೂದುಬಣ್ಣ. ಲಿವರ್ರೂ ಅದೇ, ಗುಂಡಿಗೆಯೂ ಅದೇ. ಜೀವದ ಬಣ್ಣ ನೋಡಬೇಕಾದರೆ ಮಟನ್ ಅಂಗಡಿಯೇ ಗತಿ. ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವಳು ನಾನು. ಮೂಗಿಗೆ ಕರ್ಚೀಫು ಹಿಡಿದುಕೊಂಡು ಬಾಷಾ ಭಾಯ್ ಎಂಬವರ ಅಂಗಡಿ ಮುಂದೆ ನಿಂತು ಕಲೇಜಿ, ಅಂದರೆ ಲಿವರ್, ತೋರಿಸಿ ಅಂದೆ.

"ಎಷ್ಟು ಬೇಕು ಮೇಡಂ?"

"ತಗೊಳಲ್ಲ. ನೋಡ್ಬೇಕು. ಚಿತ್ರ ಬರೀಬೇಕು."

"ತಿನ್ನಲ್ವಾ?"

"ಇಲ್ಲ."

ಅವರು ಪಕ್ಕದ ಅಂಗಡಿಯವನ ಕಡೆ ತಿರುಗಿ ದಖನಿಯಲ್ಲಿ ಏನೋ ಅಂದರು. ಇಬ್ಬರೂ ನಕ್ಕರು. ಆದರೂ ಒಂದು ಮಣೆ ಹಾಕಿ ಕೂರಿಸಿದರು. ಮಧ್ಯಾಹ್ನ ವ್ಯಾಪಾರ ಕಮ್ಮಿಯಾದಾಗ ಹೋಗುತ್ತಿದ್ದೆ. ಒಂದು ದಿನ ಶ್ವಾಸಕೋಶ ಬರೆಯುತ್ತಿದ್ದೆ, ಸುಕ್ಕಾಗಿ, ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಬಾಷಾ ಭಾಯ್ ನನ್ನ ಚಿತ್ರ ಇಣುಕಿ ನೋಡಿ, "ಅರೆ, ಹಿಂಗಲ್ಲ ಮೇಡಂ ಅದು ಇರೋದು" ಎಂದು ಅದರ ಕೊಳವೆಯನ್ನು ಬಾಯಿಗೆ ಇಟ್ಟುಕೊಂಡು ಊದಿದರು. ಆ ಮುದ್ದೆ ನಿಧಾನವಾಗಿ ಎದ್ದಿತು. ಗುಲಾಬಿ ಬಣ್ಣ ಬಂತು, ಅಂಚುಗಳು ಬಿಚ್ಚಿಕೊಂಡವು, ನೋಡನೋಡುತ್ತ ಅವರ ಎರಡು ಕೈಯಲ್ಲೂ ಹಿಡಿಸದಷ್ಟು ದೊಡ್ಡದಾಯಿತು. ಬಾಯಿ ತೆಗೆದ ಕೂಡಲೇ ಉಸ್ಸೆಂದು ಇಳಿಯಿತು. ನಾನು ಪೆನ್ಸಿಲ್ ಬಿಟ್ಟು ನೋಡುತ್ತ ಕೂತುಬಿಟ್ಟೆ. "ಇನ್ನೊಂದ್ ಸಲ ಭಾಯ್" ಅಂದೆ. ನಾನು ಬರೆದು ಮುಗಿಸುವ ತನಕ ಆ ಮನುಷ್ಯ ಊದುತ್ತಲೇ ಇದ್ದರು. ಗಿರಾಕಿಗಳು ಸುತ್ತ ನಿಂತು ನೋಡಿದರು. ನಿಖಿತಾ, ನಿಜವಾದ ಗುಂಡಿಗೆ ನೋಡಿಲ್ಲ ಅಂದೆಯಲ್ಲ, ಒಂದು ಮಧ್ಯಾಹ್ನ ಮಾರ್ಕೆಟ್ಟಿಗೆ ಹೋಗು.

ಈ ಕೆಲಸದಲ್ಲಿ ನಾವು ಒಬ್ಬರೇ. ಡಾಕ್ಟರುಗಳಿಗೆ ಡಾಕ್ಟರುಗಳಿದ್ದರು, ನರ್ಸುಗಳಿಗೆ ನರ್ಸುಗಳು. ಗುಮಾಸ್ತರಿಗಂತೂ ಇಡೀ ಒಂದು ಕೋಣೆಯ ತುಂಬ ಜೊತೆ. ಆರ್ಟಿಸ್ಟ್ ಎಂಬ ಹುದ್ದೆ ಇಡೀ ಆಸ್ಪತ್ರೆಗೆ ಒಂದೇ. ನನ್ನ ಕೋಣೆಯ ಪಕ್ಕವೇ ಜಾಡಿಗಳ ಮ್ಯೂಸಿಯಮ್ಮಿದ್ದದ್ದರಿಂದ ನನ್ನ ಸೀರೆಗೆಲ್ಲ ಫಾರ್ಮಲಿನ್ ವಾಸನೆ ಹಿಡಿಯುತ್ತಿತ್ತು. ಊಟದ ಹೊತ್ತಿಗೆ ಆಫೀಸಿನ ಹೆಂಗಸರ ಗುಂಪಿಗೆ ಹೋಗಿ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಆದರೆ ಡಬ್ಬಿಗಳು ಸ್ವಲ್ಪ ಸ್ವಲ್ಪವೇ ದೂರ ಸರಿಯುತ್ತಿದ್ದವು. ಆಮೇಲೆ ನಾನು ಕೋಣೆಯಲ್ಲೇ ತಿನ್ನತೊಡಗಿದೆ. ಮದುವೆಯ ಮಾತೂ ಹಾಗೇ ಆಯಿತು. ಬಂದ ಒಂದು ಸಂಬಂಧದವರು ಹುಡುಗಿ ಏನು ಬರೀತಾಳೆ ಎಂದು ಕೇಳಿದರು. ಅಮ್ಮ ಪೆಚ್ಚಾಗಿ "ಹೂವು, ಹಣ್ಣು" ಅಂದಳು. ನಾನು ಪುಸ್ತಕ ತಂದು ತೋರಿಸಿದೆ. ಅವರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು. ಆಗ ನನಗೂ ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಅಮ್ಮ ಮಾತ್ರ ನಗಲಿಲ್ಲ. ಅವಳು ಯಾಕೆ ನಗಲಿಲ್ಲ ಎಂದು ಈಗ ಈ ಮನೆಯಲ್ಲಿ ಸಂಜೆ ಲೈಟು ಹಾಕುವಾಗ ಗೊತ್ತಾಗುತ್ತದೆ.

ಒಂದು ಪುಸ್ತಕದಲ್ಲಿ ಒಂದೇ ಮುಖ ಎರಡು ಸಲ ಇದೆ. ಅದರ ಕಥೆ ಹೇಳಬೇಕು.

ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಗಂಡಸು ಹಳಿ ದಾಟುವಾಗ ರೈಲಿಗೆ ಸಿಕ್ಕಿ ಸತ್ತಿದ್ದ. ಜೇಬಿನಲ್ಲಿ ಏನೂ ಇರಲಿಲ್ಲ. ಯಾರೂ ಹುಡುಕಿಕೊಂಡು ಬರಲಿಲ್ಲ. ಮುಖದ ಒಂದು ಪಕ್ಕ ಪೂರ್ತಿ ಹೋಗಿದ್ದರಿಂದ ಫೋಟೋ ತೆಗೆದು ಗೋಡೆಗೆ ಅಂಟಿಸುವ ಹಾಗಿರಲಿಲ್ಲ. ಶವಪರೀಕ್ಷೆಯ ಡಾಕ್ಟರು ನನ್ನನ್ನು ಕರೆದು, "ಉಳಿದಿರೋ ಅರ್ಧ ನೋಡ್ಕೊಂಡು ಪೂರ್ತಿ ಮುಖ ಬರೆದುಕೊಡೋಕಾಗುತ್ತಾ? ಕಣ್ಣು ತೆರೆದಿರೋ ಹಾಗೆ?" ಅಂದರು. ಒಂದು ಬೆಳಗ್ಗೆಯೆಲ್ಲ ಶವಾಗಾರದಲ್ಲಿ ಕೂತು ಬರೆದೆ. ಕಿವಿ, ದವಡೆ, ಮೀಸೆಗೆ ತೊಂದರೆ ಇರಲಿಲ್ಲ, ಅರ್ಧ ನೋಡಿ ಇನ್ನರ್ಧ ಬರೆದೆ. ಕಣ್ಣು ಮಾತ್ರ ಊಹೆ. ಸತ್ತವರ ಕಣ್ಣಿನಲ್ಲಿ ಅವರ ನೋಟ ಇರುವುದಿಲ್ಲವಲ್ಲ. ಶಾಂತವಾಗಿರಲಿ ಅಂತ ಒಂದು ನೋಟ ನಾನೇ ಕೊಟ್ಟೆ.

ಪೊಲೀಸರು ಅದರ ಪ್ರತಿಗಳನ್ನು ಆ ಲೈನಿನ ಸ್ಟೇಷನ್ನುಗಳಲ್ಲಿ ಅಂಟಿಸಿದರು. ಬಂಗಾರಪೇಟೆ ಕಡೆಯಿಂದ ಒಬ್ಬಳು ಹೆಂಗಸು ಬಂದಳು. ಗಂಡ ಗೋಡೌನಿನಲ್ಲಿ ಲೋಡಿಂಗ್ ಕೆಲಸಕ್ಕೆ ರೈಲಿನಲ್ಲಿ ಬಂದು ಹೋಗುತ್ತಿದ್ದ. ಕೆಲವು ಸಲ ಅಲ್ಲೇ ಉಳಿಯುತ್ತಿದ್ದದ್ದರಿಂದ ಮೊದಲು ಅವಳು ಗಾಬರಿಯಾಗಿರಲಿಲ್ಲ. ಗುರುತು ಹಿಡಿದಳು, ಕಾಗದಗಳೆಲ್ಲ ಆದವು, ಹೆಣ ಕೊಟ್ಟರು. ಅದಾಗಿ ಒಂದು ವಾರ ಬಿಟ್ಟು ಅವಳು ಮತ್ತೆ ಬಂದು ನನ್ನ ಕೋಣೆ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಗೋಡೆಯಿಂದ ಕಿತ್ತ ಆ ಪ್ರತಿ.

"ಇದು ಬರ್ದೋರು ನೀವೇನಾಮ್ಮಾ?"

"ಹೌದಮ್ಮ. ಕೂತ್ಕೋ."

ಕೂರಲಿಲ್ಲ. "ನಮ್ಮತ್ರ ಅವ್ರದು ಒಂದು ಪೋಟಾನೂ ಇಲ್ಲ. ಇದ್ನೇ ಗಾಜಿನ ಕಟ್ಟು ಹಾಕ್ಸಿ ಇಡಾಣ ಅಂತಿದೀನಿ. ಆದ್ರೆ ಅವ್ರು ಹಿಂಗೆ ನೋಡ್ತಿರ್ಲಿಲ್ಲಮ್ಮ."

"ಹೇಗೆ ನೋಡ್ತಿದ್ರು?"

ಅವಳು ಕೈಯಲ್ಲಿದ್ದ ಪ್ರತಿಯನ್ನು ಮೇಜಿನ ಮೇಲೆ ಹರಡಿದಳು. "ಇಷ್ಟು ಸಾಧು ಅಲ್ಲ ಅವ್ರು. ಯಾವಾಗ್ಲೂ ಹುಬ್ಬು ಗಂಟೇ. ನನ್ ಮಗ ಇದ್ನ ನೋಡಿ ನಮ್ಮಪ್ಪ ಅಲ್ಲ ಅಂತಾನೆ. ಸ್ವಲ್ಪ ಸಿಟ್ಟು ಹಾಕಿ ಕೊಡ್ತೀರಾ?"

ಹೊಸ ಹಾಳೆ ತೆಗೆದೆ. ಅವಳು ಹಿಂದೆ ನಿಂತು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಹುಬ್ಬು ಇನ್ನೂ ಕೆಳಗೆ. ಎಡಗಣ್ಣು ಸ್ವಲ್ಪ ಕಿರಿದು, ಬೀಡಿ ಹೊಗೆಗೆ. ಬಾಯಿ ಬಿಗಿ. ಇನ್ನೂ ಬಿಗಿ. ಒಂದು ಕಡೆ ಪೆನ್ಸಿಲ್ ಸ್ವಲ್ಪ ಒತ್ತಿದೆನೋ ಏನೋ, ಹಿಂದಿನಿಂದ ಅವಳ ಉಸಿರು ಸಿಕ್ಕಿಕೊಂಡ ಸದ್ದು ಕೇಳಿತು. "ಹಾಂ. ಬೈಯೋಕ್ ಬಂದ್ರು" ಅಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಶವಾಗಾರದಲ್ಲಿ ಅವಳು ಅತ್ತಿರಲಿಲ್ಲ ಎಂದು ಆಮೇಲೆ ಅಟೆಂಡರ್ ಹೇಳಿದ. ಸಿಟ್ಟಿನ ಮುಖದ ಚಿತ್ರವನ್ನು ಅವಳು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ನಾನು ನೆನಪಿಗೆಂದು ಎರಡೂ ಮುಖಗಳನ್ನು ಪುಸ್ತಕದಲ್ಲಿ ಸಣ್ಣದಾಗಿ ಬರೆದಿಟ್ಟುಕೊಂಡೆ. ಸತ್ತವರಿಗೆ ಶಾಂತಿ ಬೇಕೆಂದು ನಾವು ಅಂದುಕೊಳ್ಳುತ್ತೇವೆ. ಬದುಕಿದವರಿಗೆ ಬೇಕಾದದ್ದು ಅವರದೇ ಮನುಷ್ಯ.

ಕ್ಯಾಮೆರಾ ಬಂತು, ಸ್ಲೈಡು ಬಂತು. ವಿಶ್ವನಾಥಯ್ಯನವರು ಇರುವ ತನಕ "ಫೋಟೋನೂ ಇರ್ಲಿ, ಇವಳೂ ಇರ್ಲಿ" ಅಂತ ಜಗಳವಾಡಿ ಉಳಿಸಿಕೊಂಡರು. ಅವರು ನಿವೃತ್ತರಾದ ಮೇಲೆ ಕಂಪ್ಯೂಟರ್ ಬಂತು. ನನ್ನ ಚಾರ್ಟುಗಳನ್ನು ಒಂದೊಂದಾಗಿ ಗೋಡೆಯಿಂದ ಇಳಿಸಿದರು. ಕಡೆಯ ವರ್ಷಗಳಲ್ಲಿ ನಾನು ಬರೆದದ್ದೆಂದರೆ 'ಇಲ್ಲಿ ಉಗುಳಬಾರದು', 'ಚಪ್ಪಲಿ ಹೊರಗೆ ಬಿಡಿ' ಎಂಬ ಬೋರ್ಡುಗಳು. ಆಗಲೂ ಪುಸ್ತಕದಲ್ಲಿ ಬರೆಯುವುದನ್ನು ಬಿಡಲಿಲ್ಲ, ಯಾರೂ ಕೇಳದಿದ್ದರೂ. ಆ ಪುಟಗಳಲ್ಲಿ ಹೆಚ್ಚಾಗಿ ಕಿಟಕಿಯಾಚೆಯ ಕಾಗೆಗಳಿವೆ.

ಇಷ್ಟೆಲ್ಲ ನೋಡಿ ಮುಗಿಸಿದ ಮೇಲೆ ಒಂದು ಪುಸ್ತಕ ಉಳಿದಿತ್ತು. ಅದರ ತುಂಬ ಒಂದೇ ಕೈ. ಒಂದು ಮಗುವಿನ ಬಲಗೈ.

ಅವಳನ್ನು ಸೆಲ್ವಿ ಅನ್ನೋಣ. ಹಲಸೂರಿನ ದೇವಸ್ಥಾನದ ಹತ್ತಿರ ಹೂ ಮಾರುವವಳ ಮಗಳು. ಕುದಿಯುವ ಅನ್ನದ ಗಂಜಿ ಕೈಮೇಲೆ ಬಿದ್ದು, ವಾಸಿಯಾಗುವಾಗ ಬೆರಳುಗಳೆಲ್ಲ ಮಡಿಸಿಕೊಂಡು ಅಂಗೈಗೆ ಅಂಟಿಹೋಗಿದ್ದವು. ಮುಷ್ಟಿ ಬಿಚ್ಚುವುದಕ್ಕೇ ಬರುತ್ತಿರಲಿಲ್ಲ. ವಿಶ್ವನಾಥಯ್ಯನವರು ಒಂದೊಂದಾಗಿ ಬೆರಳುಗಳನ್ನು ಬಿಡಿಸಿ, ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಿದರು. ಮಗು ಬೆಳೆದಂತೆ ಹಾಕಿದ ಚರ್ಮ ಬಿಗಿಯುತ್ತಿತ್ತು, ಮತ್ತೆ ಆಪರೇಷನ್. ಹೀಗೆ ಕೆಲವು ವರ್ಷ. ಪ್ರತಿ ಸಲ ಬ್ಯಾಂಡೇಜ್ ಬಿಚ್ಚಿದಾಗ ಕೈ ಹೇಗಿದೆ ಎಂದು ಬರೆದಿಡುವುದು ನನ್ನ ಕೆಲಸ. ಮುಷ್ಟಿಯಾಗಿದ್ದ ಕೈ ಪುಟ ತಿರುಗಿಸಿದ ಹಾಗೆ ಸ್ವಲ್ಪ ಸ್ವಲ್ಪವೇ ತೆರೆದುಕೊಳ್ಳುತ್ತ ಹೋಗುತ್ತದೆ. ಕೊನೆಯ ಪುಟದಲ್ಲಿ ಪೂರ್ತಿ ಬಿಚ್ಚಿದ ಅಂಗೈ. ಪ್ರತಿ ಚಿತ್ರದ ಕೆಳಗೂ ಅವಳ ಹೆಸರು.

ನನ್ನ ಕೆಲಸದಲ್ಲೆಲ್ಲ ಅದಕ್ಕಿಂತ ಚೆಂದದ ಪುಸ್ತಕವಿಲ್ಲ. ಆ ಮಗು ನಾನು ವಾರ್ಡಿಗೆ ಹೋದರೆ ಮಾತಾಡದೆ ಕೈ ಮುಂದೆ ಚಾಚುತ್ತಿತ್ತು. ನನಗೆ ಎಷ್ಟು ಹತ್ತಿರವಾಗಿದ್ದಳು ಅಂದುಕೊಂಡೆ. ಇಷ್ಟು ದಿನ ತೋರಿಸುವುದಕ್ಕೆ ಯಾರೂ ಇಲ್ಲ ಅಂತ ಕೂತಿದ್ದೆನಲ್ಲ, ಇವಳಿಗೆ ತೋರಿಸಬೇಕು ಅನ್ನಿಸಿತು. ಇದು ಅವಳ ಕೈ. ಅವಳಿಗೇ ಕೊಟ್ಟುಬಿಡೋಣ.

ದೇವಸ್ಥಾನದ ಹತ್ತಿರ ಹೋಗಿ ವಿಚಾರಿಸಿದೆ. ಹೂವಿನ ಅಂಗಡಿಯಲ್ಲಿ ಅವಳ ಚಿಕ್ಕಮ್ಮ ಇದ್ದಳು. "ಅಕ್ಕ ತೀರ್ಕೊಂಡು ಬಹಳ ವರ್ಷ ಆಯ್ತು. ಸೆಲ್ವಿ ಕೆ.ಆರ್. ಪುರದಲ್ಲಿ ಬ್ಲೌಸ್ ಹೊಲೀತಾಳೆ, ಮಾರ್ಕೆಟ್ ಹಿಂದೆ" ಎಂದು ಅಂಗಡಿಯ ಗುರುತು ಹೇಳಿದಳು. ಬ್ಲೌಸ್ ಹೊಲಿಯುತ್ತಾಳೆ! ಆ ಕೈಯಲ್ಲಿ! ಮೆಟ್ರೋದಲ್ಲಿ ಕೂತು ದಾರಿಯುದ್ದಕ್ಕೂ ಪುಸ್ತಕವನ್ನು ತೊಡೆಯ ಮೇಲೆ ಹಿಡಿದುಕೊಂಡೇ ಹೋದೆ. ಅವಳು ಹೇಗೆ ಬೆರಗಾಗುತ್ತಾಳೆ, ಏನನ್ನುತ್ತಾಳೆ ಎಂದೆಲ್ಲ ಯೋಚಿಸಿಕೊಂಡೆ.

ಚಿಕ್ಕ ಅಂಗಡಿ. ಬಾಗಿಲ ಹತ್ತಿರ ಒಬ್ಬಳು ಹೆಂಗಸು ಮಿಷನ್ ತುಳಿಯುತ್ತಿದ್ದಳು. ಒಳಗೆ ಮೇಜಿನ ಮುಂದೆ ನಲವತ್ತರ ಹತ್ತಿರದ, ದುಂಡು ಮುಖದ ಸೆಲ್ವಿ ಬಟ್ಟೆ ಕತ್ತರಿಸುತ್ತಿದ್ದಳು. ನಾನು ಮೊದಲು ನೋಡಿದ್ದು ಕೈಯನ್ನೇ. ಉಂಗುರದ ಬೆರಳು ಸ್ವಲ್ಪ ಡೊಂಕು, ಅಂಗೈ ಬೇರೆ ಬಣ್ಣ. ಆದರೆ ಕತ್ತರಿ ಸರಸರನೆ ಓಡುತ್ತಿತ್ತು.

"ಬನ್ನಿಮ್ಮಾ. ಅಳತೆ ಬ್ಲೌಸ್ ತಂದಿದ್ದೀರಾ?"

"ಬ್ಲೌಸಿಗಲ್ಲಮ್ಮ. ಸೆಲ್ವಿ, ನನ್ನ ಗುರುತು ಸಿಕ್ತಾ? ಆಸ್ಪತ್ರೇಲಿ... ನಿನ್ನ ಕೈ ಚಿತ್ರ ಬರೀತಿದ್ದೆ."

ಕತ್ತರಿ ನಿಂತಿತು. ನಾನು ಅವಳ ಮುಖ ನೋಡದೆ ಆತುರದಲ್ಲಿ ಪುಸ್ತಕ ತೆರೆದು ಮೇಜಿನ ಮೇಲಿಟ್ಟೆ. ಅವಳು ಒಂದೇ ಒಂದು ಸಲ ನೋಡಿದಳು. ನೋಡಿ, ಮುಚ್ಚಿ, ಅದರ ಮೇಲೆ ಕತ್ತರಿಸುತ್ತಿದ್ದ ಬಟ್ಟೆಯನ್ನು ಎಳೆದಳು. "ಅಕ್ಕಾ, ಎರಡು ಟೀ ಹೇಳಿ ಬಾ" ಎಂದು ಮಿಷನ್ನಿನ ಹೆಂಗಸನ್ನು ಹೊರಗೆ ಕಳಿಸಿದಳು.

"ಯಾಕ್ ತಂದ್ರಿ ಮೇಡಂ ಇದನ್ನ?"

"ನಿನಗೆ ಕೊಡೋಣ ಅಂತ. ಎಷ್ಟು ಚೆನ್ನಾಗಿ ವಾಸಿ ಆಯ್ತು ನೋಡು..."

"ನನಗೆ ಬೇಡ." ಸಿಟ್ಟಿರಲಿಲ್ಲ ಧ್ವನಿಯಲ್ಲಿ. "ನಿಮಗೆ ಗೊತ್ತಿತ್ತೋ ಇಲ್ವೋ. ಬ್ಯಾಂಡೇಜ್ ಬಿಚ್ಚೋ ದಿನಾನೇ ನೀವು ಬರ್ತಿದ್ರಿ. ಪೆನ್ಸಿಲ್ ಹಿಡ್ಕೊಂಡು ನೀವು ಬಾಗಿಲಲ್ಲಿ ಕಂಡ್ರೆ ಇವತ್ತು ಬಿಚ್ತಾರೆ ಅಂತ ಅರ್ಥ. ಅಂಟಿರೋ ಬಟ್ಟೆ ಕೀಳ್ತಿದ್ರಲ್ಲ... ಡಾಕ್ಟರ್‌ನ ಕಂಡ್ರೂ ನನಗೆ ಅಷ್ಟು ಭಯ ಇರ್ಲಿಲ್ಲ. ನಿಮ್ಮನ್ನ ಕಂಡ್ರೆ ಚಡ್ಡೀಲೇ ಉಚ್ಚೆ ಹೊಯ್ಕೋತಿದ್ದೆ. ಅತ್ರೆ ಲೇಟಾಗುತ್ತೆ, ಬೇಗ ಕೈ ಕೊಟ್ಬಿಡು ಅಂತ ಅಮ್ಮ ಹೇಳಿಕೊಟ್ಟಿದ್ದಳು. ಅದಕ್ಕೇ ಕೈ ಚಾಚ್ತಿದ್ದೆ."

ಅವಳೇ ಸ್ಟೂಲು ಎಳೆದು ಕೂರಿಸಿದಳು. ಆ ಪುಸ್ತಕದಲ್ಲಿ ಅಷ್ಟೊಂದು ಕೈಗಳಿದ್ದವು, ಒಂದು ಪುಟದಲ್ಲೂ ಮಗುವಿನ ಮುಖವಿರಲಿಲ್ಲ. ನಾನು ಬರೆದಿರಲಿಲ್ಲ. ನೋಡಿಯೇ ಇರಲಿಲ್ಲವೇನೋ.

"ನನಗೆ ಗೊತ್ತಾಗ್ಲಿಲ್ಲ ಕಣಮ್ಮ" ಅಂದೆ.

"ನಿಮ್ ಕೆಲಸ ಅದು. ನೀವೇನ್ ಮಾಡ್ತೀರಿ?" ಟೀ ಬಂತು. ನನ್ನ ಮುಂದೆ ಇಟ್ಟಳು. "ವಾಸಿ ಆಯ್ತಲ್ಲ. ಇದೇ ಕೈಯಲ್ಲಿ ಇಬ್ಬರು ಮಕ್ಕಳನ್ನ ಓದಿಸ್ತಿದೀನಿ."

"ಹರಿದು ಹಾಕ್ಬಿಡ್ಲಾ?"

ಅವಳು ಪುಸ್ತಕದ ಮೇಲಿನ ಬಟ್ಟೆ ಸರಿಸಿದಳು. "ಬೇಡ. ಡಾಕ್ಟರ್ ಓದೋ ಮಕ್ಕಳಿಗೆ ಬೇಕಾದ್ರೂ ಬೇಕಾಗುತ್ತೆ. ನನ್ ಹೆಸರೊಂದು ಅಳಿಸಿಬಿಡಿ."

ಅಳಿಸಿದೆ. ಅಲ್ಲೇ ಕೂತು, ಬ್ಯಾಗಿನಲ್ಲಿದ್ದ ರಬ್ಬರ್ ತೆಗೆದು, ಪುಟದಿಂದ ಪುಟಕ್ಕೆ. ಹಳೆಯ ಪೆನ್ಸಿಲ್ ಗುರುತು ಬೇಗ ಹೋಗುವುದಿಲ್ಲ, ಕಾಗದ ಹರಿಯದ ಹಾಗೆ ಮೆಲ್ಲಗೆ ತಿಕ್ಕಬೇಕು. ಅವಳು ಅಷ್ಟು ಹೊತ್ತೂ ಎದುರಿಗೆ ಕೂತು ಕೊಕ್ಕೆ ಹೊಲಿಯುತ್ತಿದ್ದಳು. ಗಿರಾಕಿಗಳು ಬಂದರು, ಹೋದರು. ಚಿತ್ರ ಬರೆಯುವ ಮಕ್ಕಳಿಗೆ ನಾನು ಹೇಳಬೇಕಾದದ್ದು ಇದೊಂದೇ ಇರಬಹುದು: ಕೈ ಬರೆಯುವ ಮುಂಚೆ ತಲೆಯೆತ್ತಿ ಮುಖ ನೋಡಿ. ಚಿತ್ರದಲ್ಲಿ ಅದು ಬೇಡ, ಸರಿ. ನೋಡುವುದನ್ನು ಮಾತ್ರ ಬಿಡಬೇಡಿ.

ಕೆಲಸ ಮುಗಿಸಿ ಎದ್ದೆ. ಪುಸ್ತಕ ಬ್ಯಾಗಿಗೆ ಹಾಕಿಕೊಂಡೆ. ಇನ್ನು ಮನೆಗೆ ಹೋಗುವುದು ತಾನೆ ಎಂದು ಬಾಗಿಲ ಕಡೆ ತಿರುಗಿದಾಗ ಅವಳು, "ಮೇಡಂ, ನಿಲ್ಲಿ" ಅಂದಳು. ಬಂದು ನನ್ನ ಬ್ಲೌಸಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಯಾರ್ ಹೊಲ್ದಿದ್ದು ಇದು? ಭುಜ ಎಲ್ಲಾ ಇಳಿದಿದೆ. ನೀವು ಸೊರಗಿದೀರಿ, ಬ್ಲೌಸು ಹಳೇ ಅಳತೇದು."

"ನನಗ್ಯಾಕಮ್ಮ ಇನ್ನು, ಎಲ್ಲಿಗ್ ಹೋಗ್ಬೇಕು ನಾನು."

"ಇಲ್ಲಿಗ್ ಬಂದ್ರಲ್ಲ. ಕೈ ಎತ್ತಿ."

ಎತ್ತಿದೆ. ಟೇಪನ್ನು ನನ್ನ ಬೆನ್ನಿನ ಸುತ್ತ ತಂದು ಮುಂದೆ ಹಿಡಿದಳು. ಯಾರಾದರೂ ನನ್ನನ್ನು ಅಷ್ಟು ಹತ್ತಿರದಿಂದ ಮುಟ್ಟಿ ಎಷ್ಟು ಕಾಲವಾಗಿತ್ತೋ. ಅವಳ ಅಂಗೈ ನನ್ನ ಭುಜದ ಮೇಲೆ ಬಿದ್ದಾಗ ಅದು ಒರಟಾಗಿತ್ತು, ಬೆಚ್ಚಗಿತ್ತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

"ಉಸಿರು ಬಿಡಿ ಮೇಡಂ. ಹಿಡ್ಕೊಂಡ್ರೆ ಅಳತೆ ತಪ್ಪುತ್ತೆ."

ಬಿಟ್ಟೆ. ಕಣ್ಣಲ್ಲಿ ನೀರು ಬಂತು. ಅವಳು ನೋಡಿದಳು. ಅಳತೆಗಳನ್ನು ಒಂದು ಚೀಟಿಯ ಮೇಲೆ ಬರೆದುಕೊಂಡಳು. ಆಮೇಲೆ ಪೆನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು.

"ನಿಮ್ ಹೆಸರೇನು? ನಾವೆಲ್ಲ ಪೆನ್ಸಿಲ್ ಮೇಡಂ ಅಂತಿದ್ವಿ."

ಹೇಳಿದೆ. ಬರೆದುಕೊಂಡಳು.